ಜೊಂಡಿನ ಚಾವಣಿಯ ಕೆಳಗೆ ಒಂದು ಕಡ್ಡಿಪೆಟ್ಟಿಗೆ

ಈ ಮನೆಯೊಳಗೆ ಯಾರೂ, ಯಾವ ಕಾರಣಕ್ಕೂ ಬೆಂಕಿ ಹಚ್ಚಬಾರದು.

ನಿಯಮ ಇಷ್ಟೇ. ಇದಕ್ಕೆ ಉಪನಿಯಮ ಇಲ್ಲ, ವಿನಾಯಿತಿ ಇಲ್ಲ, ಅರ್ಥವಾಗದ ಪದ ಒಂದೂ ಇಲ್ಲ. ಆದರೂ ನಮ್ಮವರು ನಾಲ್ಕು ಮನೆಯವರನ್ನು ಕೂಡಿಸಿಕೊಂಡು ಎಲ್ಲಿಗಾದರೂ ಹೊರಟರೆ ನಿಯಮಭಂಗಗಳು ಆಗುತ್ತಲೇ ಇರುತ್ತವೆ. ತಡೆಯಲು ನಾನು ಜೊತೆಗಿದ್ದರೆ ಇನ್ನೂ ಸ್ವಲ್ಪ ಜಾಸ್ತಿಯೇ ಆಗುತ್ತವೆ ಎಂಬುದು ನನ್ನ ಹೆಂಡತಿಯ ಅಭಿಪ್ರಾಯ. ನಾನು ಸೈಕಲ್ಲಿನಲ್ಲಿ ಹೋಗುವಾಗಲೂ ಕೆಂಪು ದೀಪ ಕಂಡರೆ ನಿಲ್ಲುವವನು. ಹಿಂದೆ ಮುಂದೆ ನರಪಿಳ್ಳೆ ಇಲ್ಲದಿದ್ದರೂ ನಿಲ್ಲುತ್ತೇನೆ. "ಇವರನ್ನು ನೋಡಿ ನೋಡಿ ಆ ದೀಪಕ್ಕೇ ಬೇಜಾರಾಗಿ ಹಸಿರಾಗುತ್ತೆ" ಎಂದು ಅವಳು ಬಂದವರ ಮುಂದೆಲ್ಲ ಹೇಳುತ್ತಾಳೆ.

ಮನೆ ಎಂದೆನಲ್ಲ, ಅದು ಡಚ್ಚರ ನಾಡಿನ ಗ್ರೋನಿಂಗನ್ನಿನಿಂದ ಸ್ವಲ್ಪ ಆಚೆ, ಸರೋವರದ ಅಂಚಿಗೆ ಇರುವ ಹಳೆಯ ವಸತಿಗೃಹ. ಹಿಂದೆ ದೋಣಿಯಲ್ಲಿ ಸರಕು ಸಾಗಿಸುವವರು ತಂಗುತ್ತಿದ್ದ ಛತ್ರವಂತೆ. ಇಟ್ಟಿಗೆಯ ಗೋಡೆ, ತಲೆ ತಗ್ಗಿಸಿ ದಾಟಬೇಕಾದ ಬಾಗಿಲು, ಸೊಟ್ಟಗಾದ ಮರದ ಮೆಟ್ಟಿಲು, ಎಲ್ಲದರ ಮೇಲೆ ದಪ್ಪನೆಯ ಜೊಂಡುಹುಲ್ಲಿನ ಚಾವಣಿ. ಯಜಮಾನಿಯ ತಾತನ ಕಾಲದಲ್ಲಿ ಆ ಚಾವಣಿ ಒಮ್ಮೆ ಪೂರ್ತಿ ಸುಟ್ಟುಹೋಗಿತ್ತು. ಅಂದಿನಿಂದ ಈ ನಿಯಮ. ಹಳೆಯ ಅಗ್ಗಿಷ್ಟಿಕೆಯಲ್ಲಿ ಈಗ ಒಣಹೂವಿನ ಕುಂಡ ಇದೆ. ಕೋಣೆಕೋಣೆಗೂ ಹೊಗೆ ಕಂಡರೆ ಕೂಗುವ ಅಲಾರಮ್ ಇದೆ. ಅದು ಕೂಗಿದರೆ ಮನೆಯಲ್ಲಿರುವವರೆಲ್ಲ ಹೊರಗೆ ಹೋಗಿ ದೋಣಿಕಟ್ಟೆಯ ಮೇಲೆ ನಿಲ್ಲಬೇಕು.

ನಾವು ಹೋದದ್ದು ಒಂದು ಕುಬಸಕ್ಕೆ. ಮೈಸೂರಿನ ನಮ್ಮ ಕಡೆ ಸೀಮಂತ ಎನ್ನುವುದನ್ನು ಧಾರವಾಡದ ಕಡೆಯವರು ಕುಬಸ ಎನ್ನುತ್ತಾರೆ. ಬಸುರಿ, ಗ್ರೋನಿಂಗನ್ನಿನ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುವ ಹುಡುಗಿ. ಚೊಚ್ಚಲು. ಅವಳ ತಾಯಿ ಇದೊಂದು ಕಾರ್ಯ ಮಾಡಲೆಂದೇ ಊರಿಂದ ಬಂದಿದ್ದರು. ಹುಡುಗಿಯ ಫ್ಲಾಟಿನಲ್ಲಿ ನಾಲ್ಕು ಜನ ಕೂತರೆ ಐದನೆಯವರು ಬಾಲ್ಕನಿಗೆ ಹೋಗಬೇಕು. ಹೊರಗಿನ ಊಟ ತರಲು ಒಪ್ಪುವ ಜಾಗ ಸುತ್ತಮುತ್ತ ಇದೊಂದೇ, ಅದೂ ನಾನು ಯಜಮಾನಿಯ ಕೈಕುಲುಕಿ, "ನಿಮ್ಮ ನಿಯಮಕ್ಕೆ ನಾನು ಹೊಣೆ" ಎಂದ ಮೇಲೆ. ಹುಡುಗಿ ಕಣ್ಣಲ್ಲಿ ನೀರು ತಂದುಕೊಂಡು ಥ್ಯಾಂಕ್ಸ್ ಹೇಳಿದಳು. ನನ್ನ ಹೆಂಡತಿ, "ಕೈ ಕೊಡುವ ಮುಂಚೆ ನಮ್ಮವರನ್ನು ಒಂದು ಸಲ ಜ್ಞಾಪಿಸಿಕೊಂಡ್ರಾ?" ಎಂದಳು.

ಚೀಲದ ತಪಾಸಣೆ

ಶನಿವಾರ ಮಧ್ಯಾಹ್ನ ಎಲ್ಲರೂ ಬಂದಿಳಿದರು. ನನ್ನ ಅನುಮಾನ ಇದ್ದದ್ದು ಒಬ್ಬರ ಮೇಲೆಯೇ: ಹುಡುಗಿಯ ತಾಯಿ. ಹಣೆಯ ತುಂಬ ಕುಂಕುಮ, ಇಳಕಲ್ ಸೀರೆ, ಅದರ ಮೇಲೆ ಅಳಿಯನ ಜಾಕೆಟ್ಟು, ಕೈಯಲ್ಲಿ ನೆಲಕ್ಕೆ ತಾಗುವಷ್ಟು ಭಾರದ ಚೀಲ. ಅವರು ನಡೆದಾಗ ಒಳಗಿನ ಹಿತ್ತಾಳೆ ಸಾಮಾನು ಗಲಗಲ ಎನ್ನುತ್ತಿತ್ತು.

"ಅಮ್ಮಾ, ತಪ್ಪು ತಿಳಿಯಬೇಡಿ. ಕಡ್ಡಿಪೆಟ್ಟಿಗೆ ಇದ್ದರೆ ಕೊಟ್ಟುಬಿಡಿ" ಎಂದೆ.

"ಕಡ್ಡಿಪೆಟಗಿ ಎಲ್ಲೀದ್ರೀ ಅಣ್ಣಾರ. ವಿಮಾನದಾಗ ತರಾಕ ಬಿಡೂದಿಲ್ಲ ಅಂದ್ರು."

"ಚೀಲದಲ್ಲಿ ಏನೇನಿದೆ ಅಂತ ಹೇಳ್ತೀರಾ?"

ಅವರು ಒಂದೊಂದಾಗಿ ತೆಗೆದು ಮೇಜಿನ ಮೇಲಿಟ್ಟರು. ದೀಪದ ಸಮೆ, ಆರತಿ ತಟ್ಟೆ, ತುಪ್ಪ, ಬುಟ್ಟಿ ತುಂಬುವಷ್ಟು ಹೂಬತ್ತಿ, ಹಸಿರು ಬಳೆ, ಅರಿಷಿಣ ಕುಂಕುಮದ ಭರಣಿ, ಎಲೆ ಅಡಿಕೆ, ಸುಣ್ಣದ ಡಬ್ಬಿ.

"ಇಷ್ಟೊಂದು ಬತ್ತಿ ಯಾಕೆ?"

"ಮಗಳ ಮನಿಗೆ. ನಾ ಹ್ವಾದ ಮ್ಯಾಲ ಆಕಿ ಬತ್ತಿ ಹೊಸೀತಾಳೇನ್ರೀ? ಕಂಪ್ಯೂಟರ್ ಬಿಟ್ಟು ಏಳೂದಿಲ್ಲ."

ನಾನು ನಿಯಮವನ್ನು ನಿಧಾನವಾಗಿ, ಬಿಡಿಸಿ ಹೇಳಿದೆ. ಅವರು ನನ್ನನ್ನು ನೋಡಲಿಲ್ಲ, ತಲೆಯೆತ್ತಿ ಚಾವಣಿ ನೋಡುತ್ತಿದ್ದರು.

"ಹುಲ್ಲೇನ್ರೀ ಅದು?"

"ಜೊಂಡು."

"ಒಣಗಿದ್ದು?"

"ಒಣಗಿದ್ದೇ."

"ಹೂಂ" ಎಂದರು. ಆ ಹೂಂ ನನಗೆ ಸರಿಬರಲಿಲ್ಲ. ಏನೋ ಲೆಕ್ಕ ಹಾಕುತ್ತಿದ್ದ ಹೂಂ ಅದು. ಹೆಂಡತಿಯನ್ನು ಪಕ್ಕಕ್ಕೆ ಕರೆದು, "ಇವರ ಮೇಲೆ ಒಂದು ಕಣ್ಣಿಟ್ಟಿರು" ಎಂದೆ.

"ಇಡ್ತೀನಿ. ಇನ್ನೊಂದು ಕಣ್ಣನ್ನು ನಿಮ್ಮ ಸ್ನೇಹಿತರ ಮೇಲೆ ನೀವೇ ಇಡಿ" ಎಂದಳು. ನಾನು ಇಡಲಿಲ್ಲ. ಅವನು ಎಂಜಿನಿಯರು.

ಒಗ್ಗರಣೆ

ಸ್ನೇಹಿತ ಎಂದರೆ ಕಾಪೆಲ್ಲೆ ಎಂಬ ಊರಿನಿಂದ ಹೆಂಡತಿ ಮತ್ತು ಏಳು ವರ್ಷದ ಮಗಳೊಂದಿಗೆ ಬಂದಿದ್ದ ಬೆಂಗಳೂರಿನವನು. ಮಧ್ಯಾಹ್ನದ ಊಟದ ಹೊಣೆ ಅವನದು. ಪುಳಿಯೋಗರೆ, ಪಲ್ಯ, ಮೊಸರನ್ನ, ಎಲ್ಲವನ್ನೂ ಮನೆಯಿಂದಲೇ ಮಾಡಿ ತಂದಿದ್ದ. ನಾವು ಕೆಳಗೆ ತಟ್ಟೆ ಜೋಡಿಸುತ್ತಿದ್ದೆವು. ಅವನು ಮೊಸರನ್ನದ ಪಾತ್ರೆ ಹಿಡಿದುಕೊಂಡು, "ಒಂದು ನಿಮಿಷ ಸರ್" ಎಂದು ಮೇಲಿನ ಕೋಣೆಗೆ ಹೋದ. ಮೊಸರನ್ನಕ್ಕೆ ಮೇಲಿನ ಕೋಣೆಯಲ್ಲಿ ಏನು ಕೆಲಸ ಎಂದು ನನಗೆ ಆಗಲೇ ಹೊಳೆಯಬೇಕಿತ್ತು.

ಮೊದಲು ಬಂದದ್ದು ವಾಸನೆ. ಆಮೇಲೆ ಕೆಮ್ಮು. ಆಮೇಲೆ ಅಲಾರಮ್.

ಎಲ್ಲರೂ ಹೋಗಿ ದೋಣಿಕಟ್ಟೆಯ ಮೇಲೆ ನಿಂತೆವು. ಗಾಳಿ ನೀರಿನ ಮೇಲಿಂದ ನೇರವಾಗಿ ಬಂದು ಕಿವಿಗೆ ಹೊಡೆಯುತ್ತಿತ್ತು. ಬಾತುಕೋಳಿಗಳೂ ಜೊಂಡಿನ ಮರೆಗೆ ಹೋಗಿದ್ದವು. ಕೊನೆಗೆ ಇಳಿದು ಬಂದವನು ಅವನು. ಒಂದು ಕೈಯಲ್ಲಿ ಮೊಸರನ್ನ, ಇನ್ನೊಂದು ಕೈಯಲ್ಲಿ ಒಗ್ಗರಣೆ ಸೌಟು.

"ಏನಯ್ಯಾ ಇದು?"

"ಸರ್, ಇಂಡಕ್ಷನ್ ಸ್ಟವ್ ಸರ್. ಕರೆಂಟಲ್ಲಿ ನಡೆಯೋದು. ಇದರಲ್ಲಿ ಬೆಂಕಿ ಎಲ್ಲಿದೆ, ನೀವೇ ತೋರಿಸಿ."

"ಮೆಣಸಿನಕಾಯಿ ಹೊತ್ತಿಕೊಂಡಿತೋ ಇಲ್ಲವೋ?"

"ಅದು ಮೆಣಸಿನಕಾಯಿ ತಾನಾಗೇ ಮಾಡಿಕೊಂಡಿದ್ದು ಸರ್."

ಯಜಮಾನಿ ಮೇಲೆ ಹೋಗಿ ಕಿಟಕಿ ತೆರೆದು ಕಣ್ಣೊರೆಸಿಕೊಳ್ಳುತ್ತ ಬಂದರು. ಅರವತ್ತು ದಾಟಿದ, ಎತ್ತರದ, ಹೆಚ್ಚು ಮಾತಿಲ್ಲದ ಹೆಂಗಸು. ಅವರು ಹೇಳಿದ್ದು ಎರಡೇ ಪದ: "ಮಾಖ್ ನೀಟ್." ಡಚ್ಚಿನಲ್ಲಿ ಮಾಡಬಾರದು ಎಂದರ್ಥ. ಈ ದೇಶದಲ್ಲಿ ಮಕ್ಕಳು ಅಮ್ಮ ಎನ್ನುವುದರ ಜೊತೆಜೊತೆಗೆ ಕಲಿಯುವ ಮಾತು ಅದು. ನನ್ನ ಸ್ನೇಹಿತನ ಮಗಳು ತಕ್ಷಣ ಅಪ್ಪನ ಕಡೆ ಬೆರಳು ಆಡಿಸಿ, "ಮಾಖ್ ನೀಟ್, ಪಪ್ಪಾ" ಎಂದಳು. ಹುಡುಗಿಯ ತಾಯಿಗೆ ಅದನ್ನು ಕೇಳಿ ಖುಷಿಯಾಗಿ, ಏನು ಎತ್ತ ವಿಚಾರಿಸಿ, ತಾವೂ ಒಂದೆರಡು ಸಲ ಹೇಳಿ ನೋಡಿದರು.

ಆಮೇಲೆ ಹತ್ತಿರ ಬಂದು ಒಗ್ಗರಣೆ ಸೌಟಿನೊಳಗೆ ಬಗ್ಗಿ ನೋಡಿದರು.

"ಏನಪಾ ತಮ್ಮಾ" ಎಂದರು, "ಮನಿ ಮಂದೀನ್ನೆಲ್ಲ ಚಳಿಯಾಗ ನಿಂದ್ರಿಸೀದಿ. ಸಾಸಿವಿ ಇನ್ನೂ ಸಿಡಿದಽ ಇಲ್ಲಲ್ಲೋ."

ಅಲಾರಮ್ಮಿಗೆ ಟೋಪಿ

ಊಟವಾದ ಮೇಲೆ ನಾನು ಕೋಣೆಕೋಣೆಗೂ ಹೋಗಿ ನೋಡಿದೆ. ಇದಕ್ಕೆ ಗೂಢಚಾರಿಕೆ ಎಂದು ನನ್ನ ಹೆಂಡತಿ ಹೆಸರಿಟ್ಟಿದ್ದಾಳೆ. ಹೊಣೆ ಹೊತ್ತವನು ನೋಡಬೇಕು, ನೋಡಿದೆ.

ಸ್ನೇಹಿತನ ಕೋಣೆಯ ಬಾಗಿಲಿನ ಹತ್ತಿರ ಗುಲಾಬಿ ವಾಸನೆ. ಒಳಗೆ ಕಣ್ಣು ಮಂಜಾಗುವಷ್ಟು ಹೊಗೆ. ಅವನ ಹೆಂಡತಿ ಕೈಬೀಸುತ್ತ ನಿಂತಿದ್ದಳು. ಬಚ್ಚಲಿನ ಲೋಟದಲ್ಲಿ ಒಂದು ಹಿಡಿ ಅಗರಬತ್ತಿ.

"ಏನಮ್ಮಾ ಇದು?"

"ಒಗ್ಗರಣೆ ವಾಸನೆ ಹೋಗಲಿ ಅಂತ ಸರ್. ಆ ಮೇಡಮ್ ಬಂದು ನೋಡಿದರೆ ಏನಂದುಕೋತಾರೆ? ನಮ್ಮ ದೇಶದ ಮರ್ಯಾದೆ ಪ್ರಶ್ನೆ."

"ಅಲಾರಮ್ ಯಾಕೆ ಕೂಗಲಿಲ್ಲ?"

ಅವಳು ಮೇಲೆ ನೋಡಿದಳು. ನಾನೂ ನೋಡಿದೆ. ತೊಲೆಯ ಪಕ್ಕದ ಅಲಾರಮ್ ತಲೆಗೆ ಪ್ಲಾಸ್ಟಿಕ್ ಟೋಪಿ ಹಾಕಿಕೊಂಡಿತ್ತು. ಸ್ನಾನ ಮಾಡುವಾಗ ಕೂದಲು ನೆನೆಯದಿರಲಿ ಎಂದು ಹೆಂಗಸರು ಹಾಕಿಕೊಳ್ಳುತ್ತಾರಲ್ಲ, ಅದು. ಅಂಚಿಗೆ ನೆರಿಗೆ ಬೇರೆ ಇತ್ತು.

"ಇದು?"

"ಧೂಳು ಕೂರಬಾರದು ಅಂತ ಸರ್."

ನನ್ನ ಜೀವಮಾನದಲ್ಲಿ ಇಂಥ ನಿಯಮಭಂಗ ಕಂಡಿರಲಿಲ್ಲ. ಅಗರಬತ್ತಿಯನ್ನೆಲ್ಲ ನಲ್ಲಿಯ ಕೆಳಗೆ ಹಿಡಿದು ಆರಿಸಿದೆ. ಕುರ್ಚಿ ಎಳೆದು, ಅದರ ಮೇಲೆ ಹತ್ತಿ, ಕಿಟಕಿ ತೆಗೆಯಬೇಕೆಂಬ ಯೋಚನೆ ಬರುವ ಮೊದಲೇ ಟೋಪಿಯನ್ನು ಎರಡೂ ಕೈಯಿಂದ ತೆಗೆದೆ. ಅಷ್ಟು ಹೊತ್ತು ಕಟ್ಟಿಹಾಕಿದ್ದ ಪ್ರಾಣಿಯಂತೆ ಅಲಾರಮ್ ನನ್ನ ಮುಖದ ಮೇಲೆಯೇ ಕೂಗಿತು.

ಯಜಮಾನಿ ಬಾಗಿಲು ತೆರೆದಾಗ ಕಂಡ ದೃಶ್ಯ ಹೀಗಿತ್ತು: ಕೋಣೆಯ ತುಂಬ ಹೊಗೆ, ಕುರ್ಚಿಯ ಮೇಲೆ, ನಿಯಮಕ್ಕೆ ಹೊಣೆ ಎಂದು ಕೈಕುಲುಕಿದ್ದ ಮನುಷ್ಯ, ಅವನ ಕೈಯಲ್ಲಿ ನೆರಿಗೆಯ ಟೋಪಿ. ಸ್ನೇಹಿತನ ಹೆಂಡತಿ ಅದ್ಯಾವಾಗಲೋ ದೋಣಿಕಟ್ಟೆ ಸೇರಿದ್ದಳು.

ನಾನು ಚಿಕ್ಕಂದಿನಿಂದ ಇಂಗ್ಲಿಷಿನಲ್ಲೇ ಓದಿದವನು. ಆ ಹೊತ್ತಿಗೆ ಆ ಭಾಷೆಯ ಒಂದು ಪದವೂ ನನ್ನ ಕೈ ಹಿಡಿಯಲಿಲ್ಲ.

ಯಜಮಾನಿ ದೋಣಿಕಟ್ಟೆಯ ಮೇಲೆ ನಮ್ಮೆಲ್ಲರ ಎದುರು ನಿಂತು ಹೇಳಿದರು: ಇನ್ನೊಮ್ಮೆ ಈ ಮನೆಯಲ್ಲಿ ಅಲಾರಮ್ ಕೂಗಿದರೆ ಎಲ್ಲರೂ ಸಾಮಾನು ಕಟ್ಟಿಕೊಂಡು ಹೊರಡಬೇಕು, ನಾಳೆಯ ಕಾರ್ಯ ಇಲ್ಲ. ಬಸುರಿ ಹುಡುಗಿಯ ಮುಖ ಸಪ್ಪಗಾಯಿತು. ತಾಯಿ, "ಏನಂದ್ರು?" ಎಂದು ಕೇಳಿದರು. ಅಳಿಯ ವಿವರಿಸಿದ. ಅವರು ಕೋಪ ಮಾಡಿಕೊಳ್ಳಲಿಲ್ಲ. ಅಷ್ಟು ದೂರದಿಂದ ಬಂದವರು, ಮಗಳ ಬೆನ್ನು ಸವರಿ, ನನ್ನ ಕಡೆ ನೋಡಿದರು. ಆ ನೋಟ ನನ್ನ ಕೈಯಲ್ಲಿ ಇನ್ನೂ ಇದ್ದ ಟೋಪಿಯ ಮೇಲಿತ್ತು.

"ಅಣ್ಣಾರ" ಎಂದರು ಸಮಾಧಾನವಾಗಿ, "ಚಳಿ ಅದ. ಹಾಕ್ಕೋರಿ."

ಊದಬಾರದ ಮೇಣದಬತ್ತಿ

ಸಂಜೆ ಚಹಾದ ಹೊತ್ತಿಗೆ ನಾನು ಸ್ವಲ್ಪ ನಿರಾಳವಾಗಿದ್ದೆ. ಇಂಡಕ್ಷನ್ ಸ್ಟವ್, ಅಗರಬತ್ತಿ, ಟೋಪಿ ಮೂರನ್ನೂ ನನ್ನ ಕಾರಿನಲ್ಲಿಟ್ಟು ಬೀಗ ಹಾಕಿದ್ದೆ. ಅಡುಗೆಮನೆಯ ಬಾಗಿಲು ಮುಚ್ಚಿತ್ತು, ಒಳಗಿನಿಂದ ಪಿಸುಪಿಸು ಕೇಳಿಸಿತು. ತೆರೆದೆ.

ಸ್ನೇಹಿತನ ಮಗಳ ಹುಟ್ಟುಹಬ್ಬ. ಕೇಕಿನ ಮೇಲೆ ಒಂದೇ ಒಂದು ಮೇಣದಬತ್ತಿ ಉರಿಯುತ್ತಿತ್ತು. ಹಚ್ಚಿದವರ ಕೈಯಲ್ಲಿ ಲೈಟರ್ ಇನ್ನೂ ಇತ್ತು. ಹಚ್ಚಿದವರು ನನ್ನ ಹೆಂಡತಿ.

"ನೀನೂನಾ?" ಎಂದೆ.

"ಒಂದೇ ಒಂದು. ಮಗು ಪಾಪ. ಹೊಗೆಯೂ ಇಲ್ಲ."

"ಕಣ್ಣಿಡು ಅಂದಿದ್ದೆ."

"ಇಟ್ಟಿದ್ದೀನಿ. ಅವರೂ ಇಲ್ಲೇ ಇದ್ದಾರೆ, ನೋಡಿ."

ನಿಜ. ಬಸುರಿ ಹುಡುಗಿಯ ತಾಯಿ ಆ ಕ್ಷಣಕ್ಕೆ ಹಿಂದಿನ ಬಾಗಿಲಿನಿಂದ ಒಳಗೆ ಬಂದಿದ್ದರು. ಬಂದವರೇ ಕೇಕು ನೋಡಿದರು, ಕೆನ್ನೆ ಉಬ್ಬಿಸಿ ನಿಂತಿದ್ದ ಮಗುವನ್ನು ನೋಡಿದರು, ತಮ್ಮ ಅಂಗೈಯನ್ನು ಮಗುವಿನ ಬಾಯಿಗೆ ಅಡ್ಡ ಹಿಡಿದರು.

"ಏಯ್, ಏನ್ ಮಾಡಾಕತ್ತಿ? ದೀಪ ಬಾಯಿಲೆ ಊದತಾರೇನು? ಎಂಜಲಾ ಆಕ್ಕತಿ. ಹುಟ್ಟಿದ ದಿನ ದೀಪಾ ಆರಸ್ತಾರೇನ್ರವ್ವಾ, ಎಂಥ ಮಂದೀನೋ."

ಬೆರಳನ್ನು ಹಾಲಿನಲ್ಲಿ ಅದ್ದಿ ಬತ್ತಿಯ ತುದಿಯನ್ನು ಚಿವುಟಿದರು. ಚುಯ್ ಎಂದಿತು. ನಾವೆಲ್ಲ ಅಲಾರಮ್ ಕಡೆ ನೋಡಿದೆವು. ಅದು ಸುಮ್ಮನಿತ್ತು.

ಮಗುವಿಗೆ ಅಳು ಬರುವಂತಾಯಿತು. "ಬಟ್ ಅಜ್ಜಿ, ನನ್ನ ವಿಶ್? ಊದಿದರೆ ಮಾತ್ರ ಆಗತ್ತೆ."

"ಊದಿದ್ರ ಗಾಳಿಗೆ ಹಾರಿ ಹೋಕ್ಕಿತ್ತು. ಈಗ ಇಲ್ಲೇ ಅದ" ಎಂದು ಅವರು ಮಗುವಿನ ಮುಷ್ಟಿ ಮಡಿಸಿದರು. ಮಗು ಆ ಮುಷ್ಟಿಯನ್ನು ಬಿಚ್ಚದೆ ಎಡಗೈಯಲ್ಲಿ ಕೇಕು ತಿಂದಿತು.

ನಾನು ಲೈಟರನ್ನು ಕಿಸೆಗೆ ಹಾಕಿಕೊಂಡೆ. ನನ್ನ ಅನುಮಾನ ಮಾತ್ರ ಗಟ್ಟಿಯಾಯಿತು. ಇನ್ನೊಬ್ಬರ ಕೇಕಿನ ಮೇಣದಬತ್ತಿಗೇ ಇಷ್ಟು ಭಕ್ತಿ ತೋರಿಸುವವರು ನಾಳೆ ಮಗಳ ಆರತಿಗೆ ದೀಪ ಹಚ್ಚದೆ ಬಿಡುತ್ತಾರೆಯೇ? ಹೆಂಡತಿಗೆ ಹಾಗೆಂದೆ. "ಮೊದಲು ನಿಮ್ಮ ಕಿಸೆ ನೋಡಿಕೊಳ್ಳಿ" ಎಂದಳು, "ಈಗ ಈ ಮನೆಯಲ್ಲಿ ಬೆಂಕಿ ಇರೋದು ನಿಮ್ಮ ಹತ್ತಿರವೇ."

ಕುಬಸ

ಭಾನುವಾರ ಬೆಳಿಗ್ಗೆ ನಾನು ಒಂದು ವ್ಯವಸ್ಥೆ ಮುಂದಿಟ್ಟೆ. ನಿಯಮ ಇರುವುದು ಮನೆಯೊಳಗೆ. ಆದ್ದರಿಂದ ಆರತಿ ದೋಣಿಕಟ್ಟೆಯ ಮೇಲೆ. ಹುಡುಗಿಯ ತಾಯಿಯನ್ನು ಕೇಳಿದೆ. "ನಿಮ್ಮ ಮನಸಿಗೆ ಬಂದ್ಹಾಂಗ ಮಾಡ್ರಿ" ಎಂದರು. ಅದರಲ್ಲಿ ಒಪ್ಪಿಗೆ ಎಷ್ಟಿತ್ತು ಎಂದು ನಾನು ಅಳೆಯಲು ಹೋಗಲಿಲ್ಲ.

ಹಸಿರು ಸೀರೆ, ಹಸಿರು ಬಳೆ, ಮುಡಿ ತುಂಬ ಹೂವು, ಮೇಲೊಂದು ಉಣ್ಣೆಯ ಕೋಟು. ಹುಡುಗಿಯನ್ನು ಕುರ್ಚಿಯಲ್ಲಿ ಕೂರಿಸಿ ಕುರ್ಚಿಯ ಸುತ್ತ ನಾವೆಲ್ಲ ಕೊಡೆ ಹಿಡಿದು ಗೋಡೆ ಕಟ್ಟಿದೆವು. ನಾನು ಕಿಸೆಯಿಂದ ಲೈಟರ್ ತೆಗೆದು ಸ್ನೇಹಿತನ ಕೈಗೆ ಕೊಟ್ಟೆ. ಅವನು ಹಚ್ಚಿದ, ಗಾಳಿ ಆರಿಸಿತು. ಮತ್ತೆ ಹಚ್ಚಿದ, ಮತ್ತೆ ಆರಿತು. "ಸರ್, ಸ್ವಲ್ಪ ಎಡಕ್ಕೆ ಬನ್ನಿ, ನೀವು ಅಗಲ ಇದ್ದೀರಿ" ಎಂದು ನನ್ನನ್ನೇ ಗೋಡೆಗೆ ಇಟ್ಟಿಗೆಯಂತೆ ಬಳಸಿದ. ನನ್ನ ಹೆಂಡತಿಯ ಕೊಡೆ ಉಲ್ಟಾ ಆಗಿ ಸರೋವರ ಸೇರಿತು. ಹುಡುಗಿಯ ತುಟಿ ನೀಲಿಯಾಗುತ್ತಿತ್ತು.

"ಸಾಕ್ರಿ" ಎಂದರು ತಾಯಿ. "ಹುಡುಗಿ ನಡಗಾಕತ್ತಾಳ. ನಡೀರಿ ಒಳಗ."

ಒಳಗೆ ಹಜಾರದಲ್ಲಿ ಕಾರ್ಯ ಸಾಗಿತು. ತಾಯಿ ಮಗಳಿಗೆ ಕುಬಸದ ರವಿಕೆ ಕೊಟ್ಟರು, ಉಡಿ ತುಂಬಿದರು, ಹಾಡಿದರು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಯಜಮಾನಿಯನ್ನು ಕೈಹಿಡಿದು ಕರೆತಂದು ಅವರಿಗೂ ಹಸಿರು ಬಳೆ ತೊಡಿಸಿದರು. ಬಳೆ ಆ ದೊಡ್ಡ ಕೈಗೆ ಏರಲೊಲ್ಲದು. ಇವರು ಸೋಪು ತರಿಸಿ, "ಸ್ವಲ್ಪ ಸಡಿಲ ಬಿಡವ್ವಾ, ಹೆಂಗ ಬಿಗಿ ಹಿಡದೀ ನೋಡು" ಎಂದು ಕನ್ನಡದಲ್ಲೇ ಬೈದು ಏರಿಸಿದರು. ಯಜಮಾನಿ ನಕ್ಕದ್ದನ್ನು ನಾನು ಅಂದು ಮೊದಲ ಸಲ ನೋಡಿದೆ.

ಕೊನೆಗೆ ಆರತಿ. ತಟ್ಟೆಯಲ್ಲಿ ತುಪ್ಪದಲ್ಲಿ ನೆನೆದ ಬತ್ತಿಗಳು, ದೋಣಿಕಟ್ಟೆಯಿಂದ ಆರಿ ಬಂದ ಹಾಗೆಯೇ ಕಪ್ಪು ಮೂತಿ ಮಾಡಿಕೊಂಡು ಕೂತಿದ್ದವು. ಹುಡುಗಿ ತಟ್ಟೆಯನ್ನು ನೋಡಿದಳು, ಅಮ್ಮನನ್ನು ನೋಡಿದಳು. "ಇರ್ಲಿ ಬಿಡವ್ವಾ" ಎಂದಳು. ಅವಳ ಕಣ್ಣು ಹಾಗೆ ಹೇಳುತ್ತಿರಲಿಲ್ಲ.

ಯಜಮಾನಿ ಎದ್ದು ಹೋದರು. ಗೋಡೆಯ ಪೆಟ್ಟಿಗೆ ತೆರೆದು ಏನೋ ಒತ್ತಿದ ಸದ್ದು. ಬರುವಾಗ ಒಂದು ಕೈಯಲ್ಲಿ ನೀರಿನ ಬಕೆಟ್ಟು, ಇನ್ನೊಂದು ಕೈಯಲ್ಲಿ ಕಡ್ಡಿಪೆಟ್ಟಿಗೆ.

"ಅಲಾರಮ್ ನಿಲ್ಲಿಸಿದ್ದೇನೆ" ಎಂದರು ನನಗೆ. "ಒಂದೇ ಸಲ. ಎರಡು ನಿಮಿಷ. ನಾನೇ ಬಕೆಟ್ ಹಿಡಿದು ನಿಲ್ಲುತ್ತೇನೆ."

ತಾತನ ಕಾಲದಿಂದ ನಡೆದು ಬಂದ ನಿಯಮವನ್ನು ಅದರ ಒಡತಿಯೇ ಮುರಿಯಲು ಹೊರಟಿದ್ದರು. ಎಲ್ಲರೂ ನನ್ನ ಕಡೆ ನೋಡಿದರು. ಹುಡುಗಿಯೂ ನೋಡಿದಳು. ನಾನು ತಲೆಯಾಡಿಸಿದೆ. ಬೇಡ ಎಂದು ಅಡ್ಡಡ್ಡ ಆಡಿಸಲಿಲ್ಲ. ನನ್ನ ಹೆಂಡತಿ ಈ ಸಂಗತಿಯನ್ನು ಈಗ ಕೆಂಪು ದೀಪದ ಕತೆಯ ಜೊತೆ ಸೇರಿಸಿ ಹೇಳುತ್ತಾಳೆ.

ಯಜಮಾನಿ ಕಡ್ಡಿ ಗೀರಿದರು. ಹತ್ತಿತು. ಬಳೆ ತೊಟ್ಟ ಕೈ ತಟ್ಟೆಯ ಕಡೆ ಬಂತು.

ಹುಡುಗಿಯ ತಾಯಿ ಮುಂದೆ ಬಗ್ಗಿದರು. ಕೆನ್ನೆ ಉಬ್ಬಿಸಿ, ಫೂ ಎಂದು ಊದಿ, ಕಡ್ಡಿ ಆರಿಸಿಬಿಟ್ಟರು.

"ಮಾಖ್ ನೀಟ್ ರೀ" ಎಂದರು ಯಜಮಾನಿಗೆ.

ಮೊದಲು ಬಾಯಿಬಿಟ್ಟವಳು ಹುಟ್ಟುಹಬ್ಬದ ಮಗು: "ಅಜ್ಜಿ, ನೀವು ಊದಿದ್ರಿ."

"ಅದು ದೀಪಲ್ಲವ್ವಾ, ಕಡ್ಡಿ" ಎಂದು ಅವಳನ್ನು ಸುಮ್ಮನಾಗಿಸಿ, ಮೇಲೆ ಕೈ ತೋರಿಸಿ ನಮ್ಮ ಕಡೆ ತಿರುಗಿದರು. "ಒಣಾ ಬಣವಿ ಇದು. ಬಣವಿ ಬುಡಕ ಕುಂತು ಕಡ್ಡಿ ಕೊರೀತಾರೇನ್ರೀ? ಅದೂ ಬಸುರಿ ಹುಡುಗೀನ್ನ ಒಳಗ ಕುಂಡ್ರಿಸಿ? ಬಕೀಟು ಹಿಡದ್ರ ಬಣವಿ ಆರತದೇನು?"

ಅಳಿಯ ಅದನ್ನು ಯಜಮಾನಿಗೆ ಇಂಗ್ಲಿಷಿನಲ್ಲಿ ಹೇಳಿದ. ಯಜಮಾನಿ ಬಕೆಟ್ ಕೆಳಗಿಟ್ಟರು.

"ಮತ್ತೆ ಆರತಿ?" ಎಂದೆ.

ಅವರು ಕುರ್ಚಿಯ ಹಿಂದಿನಿಂದ ಇನ್ನೊಂದು ತಟ್ಟೆ ತೆಗೆದರು. ಬೆಳಿಗ್ಗೆಯೇ ಅರಿಷಿಣಕ್ಕೆ ಸುಣ್ಣ ಕಲಸಿ ಮಾಡಿಟ್ಟ ಕೆಂಪು ನೀರು. ಓಕುಳಿಯ ಆರತಿ. ನಮ್ಮ ಮನೆಯಲ್ಲೂ ಮದುಮಕ್ಕಳು ಹೊಸಿಲಿಗೆ ಬಂದಾಗ ಎತ್ತುವುದು ಅದನ್ನೇ. ಅದಕ್ಕೆ ದೀಪವೂ ಬೇಡ, ಗಾಳಿಯ ಭಯವೂ ಇಲ್ಲ. ಹುಡುಗಿ ಅಳುತ್ತಲೇ ನಗತೊಡಗಿದಳು.

"ಅಮ್ಮಾ" ಎಂದೆ, ದನಿಯನ್ನು ಆದಷ್ಟು ಗಟ್ಟಿಯಾಗಿಟ್ಟುಕೊಂಡು, "ಇದು ಇದೆ ಅಂತ ನಿನ್ನೆಯೇ ಹೇಳಬಾರದಿತ್ತೇ?"

"ನೀವ್ ಕೇಳಿದ್ರೇನ್ರೀ ಅಣ್ಣಾರ? ನೀವ್ ಕೇಳಿದ್ದು ಕಡ್ಡಿಪೆಟಗಿ."

ಹಾಗೆಂದು, ಯಜಮಾನಿಯ ಕೈಯಿಂದ ಕಡ್ಡಿಪೆಟ್ಟಿಗೆ ತೆಗೆದುಕೊಂಡು ನನ್ನ ಅಂಗೈಯಲ್ಲಿಟ್ಟರು. ನಿನ್ನೆ ಮಗುವಿಗೆ ಮಾಡಿದಂತೆ ನನ್ನ ಮುಷ್ಟಿಯನ್ನೂ ಮಡಿಸಿದರು. ಆಮೇಲೆ ಮಗಳ ಕಡೆ ತಿರುಗಿ ಆರತಿ ಎತ್ತಿದರು.